ಹಸಿರು ಚೀಟಿಯ ಬಾಗಿಲುಗಳು

ಮಾರ್ಚ್ ೪, ಸೋಮವಾರ

ಇವತ್ತಿನಿಂದ ನಾನು ನಮ್ಮ ಗಲ್ಲಿಯ 'ಆರೋಗ್ಯ ಗೆಳತಿ'. ಹೆಸರು ಕೇಳಿ ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಗೆಳತಿ ಅನ್ನೋ ಮಾತಿಗೂ ನಿನಗೂ ಎಲ್ಲಿಂದೆಲ್ಲಿಗೆ? ಆರೋಗ್ಯ ಜಗಳಗಂಟಿ ಅಂತ ಬೋರ್ಡ್ ಬರೆಸ್ಕೋ" ಎಂದ. ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳಿಗೆ ಆರನೇ ತಿಂಗಳು, ಜೋರಾಗಿ ನಕ್ಕರೆ ಏದುಸಿರು ಬರುತ್ತದೆ. ಅಮ್ಮ ಮಾತ್ರ ನಗಲಿಲ್ಲ. ಮನೆಯಲ್ಲಿ ಒಬ್ಬಳಾದರೂ ನಾಲ್ಕು ಜನರೆದುರು ಮಾತಾಡುವಂಥವಳಾದಳಲ್ಲ ಎಂದು ಅವಳಿಗೆ ಹೆಮ್ಮೆ.

ನನಗೂ ಇದೆ, ಸುಳ್ಳೇಕೆ ಹೇಳಲಿ? ಯಾರ್ಯಾರದೋ ಅಂಗಿಗೆ ಗುಂಡಿ ಹೊಲಿದು ಕಣ್ಣು ಮಂಜಾದ ಮೇಲೆ ಸಿಕ್ಕಿದ ಕೆಲಸ ಇದು. ಅದೂ ನಮ್ಮದೇ ಗಲ್ಲಿಯಲ್ಲಿ, ನಮ್ಮ ಜನರ ನಡುವೆ. ನಮ್ಮಲ್ಲಿ ಚಳಿಗಾಲದಿಂದಲೂ ಕಾಮಾಲೆ ಕಾಡುತ್ತಿದೆ. ಎದುರುಮನೆ ಇಸ್ತ್ರಿಯಮ್ಮನ ಗಂಡ ಎದ್ದ, ಅದರ ಪಕ್ಕದ ಮನೆಯ ಮುದುಕ ಏಳಲಿಲ್ಲ. ಗಲ್ಲಿಯ ತುದಿಯಲ್ಲಿರುವ ನಲ್ಲಿಯಿಂದ ಬೆಳಿಗ್ಗೆ ಬರುವ ಮೊದಲ ಬಕೆಟ್ ನೀರು ಚರಂಡಿಯ ವಾಸನೆ ಹೊಡೆಯುತ್ತದೆ. ಅದನ್ನು ಚೆಲ್ಲಿ ಎರಡನೆಯದನ್ನು ಮನೆಗೆ ಒಯ್ಯುತ್ತೇವೆ. ಪೈಪು ಎಲ್ಲೋ ಒಡೆದಿದೆ ಎಂದು ಎಲ್ಲರಿಗೂ ಅನುಮಾನ. ತರಬೇತಿಯಲ್ಲಿ ನಾನು ಇದನ್ನೇ ಕೇಳಿದೆ. ಆರೋಗ್ಯ ಕೇಂದ್ರದ ಮೇಡಂ ನಗುತ್ತಲೇ ಉತ್ತರ ಕೊಟ್ಟರು: "ಪೈಪು ನಮ್ಮ ಕೈಲಿಲ್ಲ, ಪಾತ್ರೆ ನಮ್ಮ ಕೈಲಿದೆ."

ಎಂಥ ಮಾತು! ಮನೆಗೆ ಬರುವವರೆಗೂ ಬಾಯಲ್ಲಿ ಅದನ್ನೇ ಹೇಳಿಕೊಂಡು ಬಂದೆ.

ಮಾರ್ಚ್ ೧೨, ಮಂಗಳವಾರ

ಮೊದಲ ಕೂಟ ನಮ್ಮ ಮನೆಯ ಮುಂಗೋಣೆಯಲ್ಲೇ ನಡೆಯಿತು. ಇಷ್ಟು ಹೆಂಗಸರು ಬರುತ್ತಾರೆಂದು ಅಂದುಕೊಂಡಿರಲಿಲ್ಲ. ಜಾಗ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ನೀರನ್ನು ಗುಳ್ಳೆ ಬರುವವರೆಗೆ ಕುದಿಸುವುದು, ಮುಚ್ಚಿಡುವುದು, ಸೋಪು ಹಚ್ಚಿ ಕೈ ತೊಳೆಯುವುದು ಎಲ್ಲ ತೋರಿಸಿದೆ. ಗರ್ಭಿಣಿಯರಿಗೆ ಕಾಮಾಲೆ ಬಂದರೆ ಒಂದು ಗಳಿಗೆಯೂ ಕಾಯಬಾರದು, ಸೀದಾ ಆಸ್ಪತ್ರೆಗೆ ಹೋಗಬೇಕು ಎಂದು ಎರಡೆರಡು ಸಲ ಹೇಳಿದೆ. ತಮ್ಮನ ಹೆಂಡತಿ ಮುಂದೆಯೇ ಕೂತು ಶಾಲೆಯ ಹುಡುಗಿಯಂತೆ ತಲೆಯಾಡಿಸುತ್ತಿದ್ದಳು.

ಇಸ್ತ್ರಿಯಮ್ಮ ಕೊನೆಯಲ್ಲಿ ಎದ್ದು ನಿಂತಳು. "ಎಲ್ಲಾ ಸರಿ ಅಕ್ಕಾ. ಆ ಪೈಪ್ ಅಗೆದು ನೋಡಿ ಅಂತ ನಿಮ್ಮ ಮೇಡಂಗೆ ಹೇಳೋರು ಯಾರು?"

ನಾನು ಪಾತ್ರೆಯ ಮಾತು ಹೇಳಿದೆ. "ಪಾತ್ರೆ ಒಳಗೆ ಬರೋದು ಪೈಪಿನ ನೀರೇ ಅಲ್ವಾ?" ಎಂದಳು. ಎಲ್ಲರೂ ನಕ್ಕರು. ಅವಳ ಬಾಯಿಗೆ ಬೀಗವಿಲ್ಲ. ಆದರೂ ನನಗೆ ಸಿಟ್ಟು ಬರಲಿಲ್ಲ. ಒಂದಲ್ಲ ಒಂದು ದಿನ ನಾವೆಲ್ಲ ಸೇರಿ ಅದನ್ನೂ ಕೇಳಬೇಕು.

ನನಗೆ ಅಡ್ಡಹೆಸರು ಬಿದ್ದಾಯಿತು. ಸಂಜೆ ಮಕ್ಕಳು "ಕುದಿಸಕ್ಕ, ಕುದಿಸಕ್ಕ" ಎಂದು ಹಿಂದೆ ಓಡಿಬಂದವು.

ಮಾರ್ಚ್ ೧೯, ಮಂಗಳವಾರ

ಇವತ್ತಿನ ಕೂಟಕ್ಕೆ ಬಂದವರು ಅರ್ಧಕ್ಕರ್ಧ ಕಡಿಮೆ. ಕುದಿಸಿದ್ರಾ ಎಂದರೆ "ಹೂಂ" ಎನ್ನುತ್ತಾರೆ, ಒಲೆ ನೋಡಿದರೆ ತಣ್ಣಗಿರುತ್ತದೆ. ಈ ಜನಕ್ಕೆ ಹೇಳಿದ್ದು ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರುತ್ತದೆ.

ನನಗೊಂದು ಉಪಾಯ ಹೊಳೆಯಿತು. ತಿಂಗಳಿಡೀ ಯಾರಿಗೂ ಕಾಮಾಲೆ ಬಾರದ ಮನೆಯ ಬಾಗಿಲಿಗೆ ಒಂದು ಹಸಿರು ಚೀಟಿ ಅಂಟಿಸುವುದು. ಕಾಯಿಲೆ ಬಂದರೆ ಚೀಟಿ ಕೀಳುವುದು. ಮೂದಲಿಕೆ ಇಲ್ಲ, ಬೈಗುಳ ಇಲ್ಲ. ನೆರೆಮನೆಯ ಬಾಗಿಲಲ್ಲಿ ಹಸಿರು ಕಂಡರೆ ನಮಗೂ ಬೇಕೆಂಬ ಆಸೆ ಯಾರಿಗೆ ಹುಟ್ಟುವುದಿಲ್ಲ? ಮೇಡಂಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದು ನಮ್ಮ ತಲೆಗೆ ಹೊಳೀಲೇ ಇಲ್ಲ ನೋಡಿ. ಇದಕ್ಕೇ ನಾನು ಹೇಳೋದು, ಸಮುದಾಯದ ಬುದ್ಧಿ ಸಮುದಾಯದಲ್ಲೇ ಇರುತ್ತೆ."

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಬುದ್ಧಿವಂತೆಯ ಮುಖ ಹೀಗಿರುತ್ತದೆಯೇ!

ಏಪ್ರಿಲ್ ೨, ಮಂಗಳವಾರ

ಗಲ್ಲಿಯ ತುಂಬ ಹಸಿರು. ಮೊದಲ ಚೀಟಿ ನಮ್ಮ ಬಾಗಿಲಿಗೇ ಅಂಟಿಸಿದೆ. ತಮ್ಮನ ಹೆಂಡತಿ ಅದರ ಮೂಲೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು.

ಇಸ್ತ್ರಿಯಮ್ಮನ ಬಾಗಿಲಿಗೆ ಚೀಟಿ ಇಲ್ಲ, ಅವಳ ಮಗಳಿಗೆ ಹೋದ ವಾರ ಕಾಮಾಲೆ. ಮಧ್ಯಾಹ್ನ ಬೀದಿಯಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು. "ನಾಲ್ಕು ಮನೆಯವರು ಬಟ್ಟೆ ವಾಪಸ್ ತಗೊಂಡು ಹೋದ್ರು. ರೋಗದ ಮನೇಲಿ ಇಸ್ತ್ರಿ ಬೇಡವಂತೆ. ನಾನು ನಿಮಗೆ ಬಂದು ಹೇಳಿದ್ದೇ ತಪ್ಪಾಯ್ತಾ?"

"ನಿಯಮ ಎಲ್ಲರಿಗೂ ಒಂದೇ ಅಲ್ವಾ?" ಎಂದೆ.

"ನಿಯಮ ಮಾಡಿದೋರು ಯಾರು?" ಎಂದಳು.

ನಾನು ಮುಂದಿನ ಮನೆಗೆ ನಡೆದೆ. ಇಂಥವರೊಂದಿಗೆ ವಾದಕ್ಕೆ ನಿಲ್ಲಬಾರದು ಎಂದು ಮೇಡಂ ಮೊದಲೇ ಹೇಳಿದ್ದರು. ಬದಲಾವಣೆಯನ್ನು ವಿರೋಧಿಸುವವರು ಪ್ರತಿಯೊಂದು ಬೀದಿಯಲ್ಲೂ ಒಬ್ಬರು ಇರುತ್ತಾರಂತೆ.

ಏಪ್ರಿಲ್ ೧೫, ಸೋಮವಾರ

ಹೊಸದಾಗಿ ಒಂದು ಕಾಮಾಲೆಯೂ ಇಲ್ಲ! ಮನೆಮನೆಗೂ ಹೋಗಿ ಕೇಳಿದೆ, ಎಲ್ಲರದ್ದೂ ಒಂದೇ ಉತ್ತರ: "ನಾವೆಲ್ಲ ಚೆನ್ನಾಗಿದ್ದೀವಿ ಅಕ್ಕಾ." ಮೊದಲಾದರೆ ಒಳಗೆ ಕರೆದು ಕೂರಿಸಿ ಗಂಡನಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರ ದೂರು ಹೇಳುತ್ತಿದ್ದರು. ಈಗ ಹೊಸ್ತಿಲಲ್ಲೇ ನಿಂತು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಒಳ್ಳೆಯದೇ. ಮೂಲೆಮನೆಯ ಹುಡುಗಿ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು. ಏನು ಫ್ಯಾಷನ್ನೋ, ಕತ್ತಲೆಯಲ್ಲೂ ಬಿಸಿಲು ಕಾಣುವ ವಯಸ್ಸು.

ಇಪ್ಪತ್ತೇಳಕ್ಕೆ ಮೇಲಿನವರೆಲ್ಲ ನಮ್ಮ ಗಲ್ಲಿ ನೋಡಲು ಬರುತ್ತಾರಂತೆ. ಚೀಟಿಯ ಪದ್ಧತಿ ಹಿಡಿಸಿದರೆ ಊರಿಗೆಲ್ಲ ತರುತ್ತಾರಂತೆ.

ಏಪ್ರಿಲ್ ೨೨, ಸೋಮವಾರ

ತಮ್ಮನ ಹೆಂಡತಿಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ, ತಿಂದಿದ್ದೆಲ್ಲ ವಾಂತಿ. ಏಳನೇ ತಿಂಗಳು ತುಂಬಿದ ಮೇಲೂ ಇದೆಂಥ ವಾಂತಿ ಎಂದು ಅಮ್ಮನನ್ನು ಕೇಳಿದೆ. "ಸೆಕೆಗೆ ಕಣೇ, ನಿನ್ನ ಹೊತ್ತಾಗ ನನಗೂ ಹೀಗೇ ಆಗಿತ್ತು" ಎಂದಳು. ಇರಬಹುದು. ನನಗೆ ಭಾಷಣದ ತಯಾರಿ ಇದೆ.

ಏಪ್ರಿಲ್ ೨೪, ಬುಧವಾರ

ಬೆಳಿಗ್ಗೆ ತಮ್ಮನ ಹೆಂಡತಿ ಹಿತ್ತಲಿನಲ್ಲಿ ಮುಖ ತೊಳೆದು ನನ್ನ ಕಡೆ ತಿರುಗಿದಳು. ಬೆಳಕಿನಲ್ಲಿ ಅವಳ ಕಣ್ಣು ಹಳದಿಯಾಗಿ ಕಂಡಿತು.

"ನಲ್ಲಿ ನೀರು ಕುಡಿದ್ಯಾ?" ಎಂದು ಕೇಳಿದೆ.

ತಲೆ ತಗ್ಗಿಸಿದಳು. "ಒಂದ್ಸಲ ಅತ್ತಿಗೆ. ಒಂದೇ ಬೊಗಸೆ."

ಬಾಯಿಗೆ ಬಂದಂತೆ ಬೈದೆ. ಊರಿಗೆಲ್ಲ ಹೇಳಿ, ನಮ್ಮ ಮನೆಯಲ್ಲೇ ಹೀಗಾದರೆ ನಾನು ಮುಖ ಎಲ್ಲಿಡಲಿ? ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸಿದ್ದೇ ಬಂತು. ಅವಳು ಗೋಡೆ ಹಿಡಿದು ನಿಂತೇ ಇದ್ದಳು.

ಅಮ್ಮ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಶನಿವಾರ ಕಳೀಲಿ. ಈಗ ಆಸ್ಪತ್ರೆಗೆ ಹೋದರೆ ಗಲ್ಲಿಗೆಲ್ಲ ಗೊತ್ತಾಗುತ್ತೆ. ಎದುರುಮನೆಯೋಳು ನಮ್ಮ ಬಾಗಿಲ ಮುಂದೆ ನಿಂತು ಚಪ್ಪಾಳೆ ಹೊಡೀತಾಳೆ."

ನಾನು ಬೇಡವೆನ್ನಲಿಲ್ಲ. ಅವಳು ನಡೆದಾಡುತ್ತಿದ್ದಾಳೆ, ಮಾತಾಡುತ್ತಿದ್ದಾಳೆ, ಜ್ವರ ಇಲ್ಲ. ಮೂರು ದಿನದಲ್ಲಿ ಏನಾಗಿಬಿಡುತ್ತದೆ? ಸಕ್ಕರೆ ನೀರು ಕೊಟ್ಟು ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಕಿಟಕಿಗೆ ಪರದೆ ಎಳೆದೆ.

ಸಂಜೆ ತಮ್ಮ ಕೆಲಸದಿಂದ ಬಂದವನೇ ಕೇಳಿದ. "ಅಕ್ಕಾ, ಆಸ್ಪತ್ರೆಗೆ ತೋರಿಸ್ಬೇಕಾ? ನಿನಗೆ ಗೊತ್ತಿರುತ್ತಲ್ಲ, ನೀನೇ ಹೇಳು."

"ಸೆಕೆಗೆ ಸುಸ್ತು, ಅಷ್ಟೇ" ಎಂದೆ. ಅವನ ಮುಖದ ಬಿಗಿ ಸಡಿಲಿತು.

ಏಪ್ರಿಲ್ ೨೭, ಶನಿವಾರ

ಬಂದರು, ನೋಡಿದರು, ಹೊಗಳಿದರು. ಮೇಡಂ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ಗಲ್ಲಿ ಸುತ್ತಿದರು. ನಮ್ಮ ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಹಿಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅಮ್ಮ "ಬೆಕ್ಕು" ಎಂದಳು.

ಭಾಷಣ ಚೆನ್ನಾಗಿ ಬಂತು.

ಏಪ್ರಿಲ್ ೨೮, ಭಾನುವಾರ

ಬೆಳಿಗ್ಗೆ ಅವಳಿಗೆ ತಮ್ಮನ ಗುರುತು ಸಿಗಲಿಲ್ಲ. ಏನೇನೋ ಬಡಬಡಿಸುತ್ತಿದ್ದಳು. ಅವನೇ ಎತ್ತಿಕೊಂಡು ಬೀದಿಗೆ ಓಡಿದ. ಆಸ್ಪತ್ರೆಯಲ್ಲಿ ಡಾಕ್ಟರು ರೆಪ್ಪೆ ಎತ್ತಿ ನೋಡಿ ಕೇಳಿದರು. "ಕಣ್ಣು ಹಳದಿಯಾಗಿದ್ದು ಯಾವತ್ತಿಂದ?"

ಅಮ್ಮ ನನ್ನ ಮುಖ ನೋಡಿದಳು. ತಮ್ಮನೂ ನೋಡಿದ.

"ನಿನ್ನೆಯಿಂದ" ಎಂದೆ.

ಮೇ ೧, ಬುಧವಾರ

ಮಗು ನಿನ್ನೆ ಹೋಯಿತು. ಅವಳು ಇವತ್ತು.

ಮೇ ೯, ಗುರುವಾರ

ತಮ್ಮ ಕೆಲಸಕ್ಕೆ ಹೋಗುತ್ತಿಲ್ಲ. ಅವಳ ಬಟ್ಟೆಗಳನ್ನು ಮಡಿಸುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಿಸುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಅದೇ ನನ್ನನ್ನು ತಿನ್ನುತ್ತಿದೆ. "ನೀನಾದ್ರೂ ಏನು ಮಾಡ್ತಿದ್ದೆ ಅಕ್ಕಾ, ಒಂದೇ ದಿನದಲ್ಲಿ ಏರಿಬಿಡ್ತು" ಎಂದು ನನಗೇ ಸಮಾಧಾನ ಹೇಳಿದ. ನಾನು ಬಚ್ಚಲಿಗೆ ಹೋಗಿ ಚೊಂಬಿನಿಂದ ನೀರು ಸುರಿದುಕೊಳ್ಳುತ್ತಾ ಅತ್ತೆ.

ಮೇಡಂ ಬಂದಿದ್ದರು. ಹೆರಿಗೆ ಕಷ್ಟವಾಗಿ ಹೀಗಾಯಿತೆಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದಾರಂತೆ. ಹಾಗಾಗಿ ಗಲ್ಲಿಯ ಹೆಸರಿಗೆ ಏನೂ ತೊಂದರೆ ಇಲ್ಲವಂತೆ. ಇದನ್ನು ಸಮಾಧಾನದ ಮಾತೆಂದೇ ತಿಳಿದು ಹೇಳಿದರು. ಪಾಪ, ಕೆಟ್ಟವರಲ್ಲ. ಹೋಗುವಾಗ ಚೀಟಿ ಸ್ವಲ್ಪ ಬಿಟ್ಟುಕೊಂಡಿದೆ ನೋಡಿ ಎಂದು ತಾವೇ ಒತ್ತಿ ಹೋದರು.

ಅವರು ಹೋದ ಮೇಲೆ ಅದನ್ನು ಕಿತ್ತು ಒಲೆಗೆ ಹಾಕಿದೆ.

ಮೇ ೧೪, ಮಂಗಳವಾರ

ಕೂಟಕ್ಕೆ ರಜೆ ಹೇಳಿ ನೀರಿನ ಕಚೇರಿಗೆ ಹೋದೆ. ಇಂಜಿನಿಯರು ನನ್ನ ಗುರುತು ಹಿಡಿದು ಕುರ್ಚಿ ಕೊಟ್ಟರು. ಫೋಟೋ ಅಲ್ಲಿಗೂ ತಲುಪಿತ್ತು. ನಮ್ಮ ಗಲ್ಲಿಯ ಪೈಪು ಅಗೆದು ನೋಡಬೇಕು ಎಂದೆ.

"ಯಾಕಮ್ಮಾ? ನಿಮ್ಮಲ್ಲಿ ಜಾಂಡೀಸ್ ಪೂರ್ತಿ ನಿಂತಿದೆ ಅಂತ ನೀವೇ ಭಾಷಣ ಮಾಡಿದ್ರಲ್ಲ! ಅಲ್ಲಿ ಬೇಕಾದಷ್ಟು ಬೀದಿಯವರು ಸರದಿ ಕಾಯ್ತಿದ್ದಾರೆ. ರೋಗ ಇಲ್ಲದ ಕಡೆ ರಸ್ತೆ ಅಗೆದ್ರೆ ಜನ ನನ್ನ ಮುಖಕ್ಕೆ ಉಗೀತಾರೆ."

"ನಮ್ಮ ಮನೇಲಿ ಆಗಿದೆ ಸರ್. ನನ್ನ ತಮ್ಮನ ಹೆಂಡತಿಗೆ."

ಅವರ ದನಿ ಮೆತ್ತಗಾಯಿತು. "ಕೇಳಿದೆ. ಬಾಣಂತಿ ಅಂತೆ, ಪಾಪ. ಒಂದು ಮನೆಯಿಂದ ಆಗಲ್ಲಮ್ಮ. ಇನ್ನೂ ಇದ್ದಾರೆ ಅಂದ್ರೆ ಕರ್ಕೊಂಡು ಬನ್ನಿ, ಅದೇ ವಾರ ಅಗೆಸ್ತೀನಿ. ಇದು ನನ್ನ ಮಾತು."

ಬಾಣಂತಿಯಂತೆ. ಎತ್ತಿಕೊಳ್ಳಲು ಅವಳಿಗೆ ಮಗುವೇ ಇರಲಿಲ್ಲ.

ಮೇ ೧೬, ಗುರುವಾರ

ಎಲ್ಲ ಮನೆಗೂ ಹೋದೆ. ಈ ಸಲ ಕಾಯಿಲೆ ಬರೆದುಕೊಳ್ಳುವ ಪುಸ್ತಕ ಹಿಡಿಯಲಿಲ್ಲ, ಬರಿಗೈಯಲ್ಲಿ ಹೋದೆ. ಯಾರಿಗಾದರೂ ಕಣ್ಣು ಹಳದಿಯಾಗಿದೆಯೇ, ಇದ್ದರೆ ಹೇಳಿ, ಪೈಪು ಅಗೆಸಬಹುದು ಎಂದು ಬೇಡಿಕೊಂಡೆ.

"ನಾವೆಲ್ಲ ಚೆನ್ನಾಗಿದ್ದೀವಿ ಅಕ್ಕಾ."

"ದಿನಾ ಕುದಿಸ್ತೀವಿ ಅಕ್ಕಾ, ಗುಳ್ಳೆ ಬರೋವರೆಗೂ."

ಒಬ್ಬಳು ಕೇಳದೆಯೇ ಕೈ ಚಾಚಿ ಶುಚಿಯಾದ ಉಗುರು ತೋರಿಸಿದಳು. ಇನ್ನೊಂದು ಮನೆಯಲ್ಲಿ ಯಾರೋ ನರಳುತ್ತಿದ್ದರು. ನಾನು ಆ ಕಡೆ ನೋಡಿದೆ. ಮನೆಯಾಕೆ ರೇಡಿಯೋ ಜೋರು ಮಾಡಿದಳು. ಮೂಲೆಮನೆಯಲ್ಲಿ ಕದವೇ ತೆರೆಯಲಿಲ್ಲ, ಕಿಟಕಿಯಿಂದ ಕಪ್ಪು ಕನ್ನಡಕ ನನ್ನನ್ನು ನೋಡಿ ಹಿಂದೆ ಸರಿಯಿತು. ನಾನು ಕಲಿಸಿದ್ದನ್ನೆಲ್ಲ ಒಂದಕ್ಷರ ಬಿಡದೆ ಕಲಿತಿದ್ದಾರೆ.

ಕೊನೆಗೆ ಇಸ್ತ್ರಿಯಮ್ಮನ ಅಂಗಡಿಯ ಮುಂದೆ ನಿಂತೆ. ಅವಳು ತಲೆ ಎತ್ತದೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಿದ್ದಳು.

"ಯಾರೂ ಬಾಯಿ ಬಿಡ್ತಿಲ್ಲ" ಎಂದೆ.

"ಯಾಕೆ ಬಿಡ್ಬೇಕು? ನಾನು ಬಿಟ್ಟೆ, ಏನಾಯ್ತು ನೋಡಿದ್ರಲ್ಲ." ತೋಳನ್ನು ಮಡಿಸಿ, ಕಾಲರನ್ನು ಒತ್ತಿ, ಆಮೇಲೆ ಹೇಳಿದಳು. "ನಿಮ್ಮ ಹಿಂದಿನ ಕೋಣೆ ಕಿಟಕಿ ಸಂದಿ ಕಡೆಗಿದೆ, ನಮ್ಮ ಮಹಡಿಯಿಂದ ಕಾಣುತ್ತೆ ಅಕ್ಕಾ. ಆ ಬುಧವಾರ ಪರದೆ ಎಳೆದ್ರಿ. ನನಗೆ ಆವತ್ತೇ ಗೊತ್ತಾಯ್ತು. ಬಂದು ಹೇಳೋಣ ಅಂದ್ಕೊಂಡೆ. ನನ್ನನ್ನ ಮನೆ ಬಾಗಿಲಿಂದ ಓಡಿಸ್ತೀರಿ ಅಂತ ಸುಮ್ಮನಾದೆ." ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ನಿಮ್ಮನೇದು ನೀವು ಮುಚ್ಚಿಟ್ಟು ನಮ್ಮದು ಬಿಚ್ಚಿ ಅಂದ್ರೆ ಯಾರು ಬಿಚ್ತಾರೆ?"

ಸರಿಯಾಗಿಯೇ ಹೇಳಿದಳು. ಆದರೆ ನಾನು ಬಿಚ್ಚಿದರೆ ತಮ್ಮನಿಗೆ ಗೊತ್ತಾಗುತ್ತದೆ.

ಮೇ ೧೮, ಶನಿವಾರ

ಇವತ್ತು ಆ ನರಳುವ ಮನೆಯಿಂದ ಹೆಣ ಹೊರಟಿತು. ಹೃದಯ ನಿಂತಿತಂತೆ. ಬಾಗಿಲಲ್ಲಿ ಹಸಿರು ಚೀಟಿ ಹಾಗೇ ಇತ್ತು. ಹೊರುವವರ ಭುಜ ಅದಕ್ಕೆ ಉಜ್ಜಿಕೊಂಡು ಹೋಯಿತು.

ಮೊದಲು ತಮ್ಮನಿಗೆ ಒಬ್ಬನಿಗೇ ಹೇಳೋಣವೆಂದು ಎರಡು ಸಲ ಅವನ ಕೋಣೆಯವರೆಗೆ ಹೋದೆ. "ಏನಕ್ಕಾ?" ಎಂದ. "ಊಟಕ್ಕೆ ಬಾ" ಎಂದು ವಾಪಸ್ ಬಂದೆ.

ಮೇ ೧೯, ಭಾನುವಾರ

ಹೇಳಿಬಿಟ್ಟೆ.

ನೀರು ಬರುವ ಹೊತ್ತಿಗೆ ಇಡೀ ಗಲ್ಲಿ ನಲ್ಲಿಯ ಹತ್ತಿರ ಸಾಲು ನಿಂತಿರುತ್ತದೆ. ತಮ್ಮ ಇವತ್ತು ಬರುವುದಿಲ್ಲ ಎಂದುಕೊಂಡಿದ್ದೆ. ಅಮ್ಮನ ಸೊಂಟ ಹಿಡಿದುಕೊಂಡಿದ್ದರಿಂದ ಬಕೆಟ್ ಹಿಡಿದು ಅವನೇ ಬಂದ. ಇನ್ನೊಂದು ದಿನ ಹೇಳಿದರಾಯಿತು ಎಂದು ನಾಲಿಗೆ ಹಿಂದೆ ಹೋಯಿತು. ಆ ಇನ್ನೊಂದು ದಿನದ ರುಚಿ ನನಗೆ ಚೆನ್ನಾಗಿ ಗೊತ್ತು. ಕಲ್ಲಿನ ಮೇಲೆ ಹತ್ತಿ ನಿಂತೆ.

"ನಮ್ಮ ಹುಡುಗಿ ಹೆರಿಗೆಯಿಂದ ಸಾಯ್ಲಿಲ್ಲ. ಜಾಂಡೀಸ್‌ನಿಂದ ಸತ್ತಳು. ಬುಧವಾರ ಬೆಳಿಗ್ಗೆನೇ ಅವಳ ಕಣ್ಣು ನೋಡಿದ್ದೆ. ಭಾನುವಾರದವರೆಗೂ ಕೋಣೇಲಿ ಕೂಡಿಹಾಕಿದ್ದೆ. ದೊಡ್ಡೋರು ಬರ್ತಾರೆ, ಚೀಟಿ ಹೋಗುತ್ತೆ ಅಂತ. ನೀವು ಮುಚ್ಚಿಡೋದು ಕಲಿತಿದ್ದು ನನ್ನಿಂದ. ಇನ್ನು ಮುಚ್ಚಿಡಬೇಡಿ."

ಇಷ್ಟೇ ಹೇಳಿದ್ದು. ಇದಕ್ಕೆ ತಯಾರಿ ಬೇಕಾಗಲಿಲ್ಲ.

ತಮ್ಮ ಬಕೆಟ್ಟನ್ನು ಮೆಲ್ಲಗೆ ನೆಲಕ್ಕಿಟ್ಟ. ನನ್ನ ಮುಖ ನೋಡಿದ. ಅವನು ಹೊಡೆದಿದ್ದರೆ ಚೆನ್ನಾಗಿತ್ತು. ತಿರುಗಿ ನಡೆದುಬಿಟ್ಟ. ನಲ್ಲಿಯಲ್ಲಿ ಅದೇ ಮೊದಲ ನೀರು ಗಬ್ಬು ನಾರುತ್ತಾ ಸುರಿಯುತ್ತಿತ್ತು, ಯಾರೂ ಬಕೆಟ್ ಒಡ್ಡಲಿಲ್ಲ. ಆಗ ಮೂಲೆಮನೆಯವಳು ಮಗಳನ್ನು ಮುಂದಕ್ಕೆ ತಂದು ನಿಲ್ಲಿಸಿ ಕನ್ನಡಕ ತೆಗೆದಳು. ನಿನ್ನೆ ಹೆಣ ಹೊರಟ ಮನೆಯಾಕೆ "ನಮ್ಮೆಜಮಾನರಿಗೂ ಅದೇ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ನಾನು ಒಂದನ್ನೂ ಬರೆದುಕೊಳ್ಳಲಿಲ್ಲ. ಭಾನುವಾರ ಕಚೇರಿ ಮುಚ್ಚಿರುತ್ತದೆಂದು ಇಸ್ತ್ರಿಯಮ್ಮ ಎಲ್ಲರನ್ನೂ ಇಂಜಿನಿಯರ ಮನೆಗೇ ಹೊರಡಿಸಿದಳು. ನಾನು ಅವಳ ಹಿಂದೆ ನಡೆದೆ.

ತಮ್ಮ ಇನ್ನೂ ಮನೆಗೆ ಬಂದಿಲ್ಲ.

ಮೇ ೨೩, ಗುರುವಾರ

ನನ್ನನ್ನು ಕೆಲಸದಿಂದ ತೆಗೆದರು. "ಇಡೀ ಕಾರ್ಯಕ್ರಮಕ್ಕೆ ಮಸಿ ಬಳಿದುಬಿಟ್ರಿ" ಎಂದು ಮೇಡಂ ಕಣ್ಣಲ್ಲಿ ನೀರು ತಂದುಕೊಂಡರು. ತಮ್ಮ ಯಾರೋ ಗೆಳೆಯನ ಮನೆಯಲ್ಲಿದ್ದಾನಂತೆ. ಅಮ್ಮ ನನ್ನೊಂದಿಗೆ ಮಾತನ್ನೂ ಆಡುವುದಿಲ್ಲ, ಊಟವನ್ನೂ ಮಾಡುವುದಿಲ್ಲ.

ಮೇ ೨೫, ಶನಿವಾರ

ಇಂಜಿನಿಯರು ಮಾತು ಉಳಿಸಿಕೊಂಡರು. ನಲ್ಲಿಯಿಂದ ಸ್ವಲ್ಪವೇ ದೂರದಲ್ಲಿ, ಇಸ್ತ್ರಿಯಮ್ಮ ಇಲ್ಲೇ ಅಗೆಯಿರಿ ಎಂದ ಕಡೆ ಅಗೆದರು. ಆಳು ಮಂಡಿಯವರೆಗೆ ಕೊಚ್ಚೆಯಲ್ಲಿ ನಿಂತಿದ್ದ. ನೀರಿನ ಪೈಪು ಚರಂಡಿಯ ಗುಂಡಿಯೊಳಗಿಂದಲೇ ಹಾದುಹೋಗಿತ್ತು. ಎರಡು ತುಂಡು ಸೇರುವ ಕಡೆ ತುಕ್ಕು ತಿಂದು ಬೆರಳು ತೂರುವಷ್ಟು ಬಾಯಿ. ಇಷ್ಟನ್ನು ನೋಡಲು ಒಂದು ಬೆಳಗು ಸಾಕಾಯಿತು.

ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ತಮ್ಮ. ಗಡ್ಡ ಬೆಳೆದಿತ್ತು. ಗುಂಡಿಯೊಳಗೆ ಬಗ್ಗಿ ನೋಡಿದ.

"ಅವಳು ಇದೇ ನೀರು ಕುಡಿದಿದ್ದಾ?"

"ಒಂದು ಬೊಗಸೆ ಅಂದಿದ್ದಳು."

"ಕುದಿಸಿದ ನೀರು ಮನೇಲಿ ಇತ್ತಲ್ಲ. ಮತ್ತೆ ಇದನ್ನ ಯಾಕೆ ಕುಡಿದಳು?"

ಉತ್ತರ ಹುಡುಕಿದೆ. ಆ ಬುಧವಾರದ ಒಂದೊಂದು ಮಾತನ್ನೂ ಹುಡುಕಿದೆ.

"ಕುಡಿದ್ಯಾ ಅಂತ ಕೇಳಿದೆ ಕಣೋ" ಎಂದೆ. "ಯಾಕೆ ಅಂತ ಕೇಳ್ಲಿಲ್ಲ."

ಅವನು ತಲೆಯಾಡಿಸಿದ. ನನ್ನ ಕಡೆ ನೋಡದೆ, ತನಗೇ ಹೇಳಿಕೊಂಡಂತೆ ಹೇಳಿದ. "ಬಾಯಾರಿರುತ್ತೆ."

ಅಷ್ಟು ಹೇಳಿ ಅವನು ಮನೆಯ ಕಡೆ ಬರಲಿಲ್ಲ, ಬಸ್ಸಿನ ಕಡೆ ಹೋದ.